ಖಂಡೆ ಪೂಜೆಯ ಕಂಪ್ಯೂಟರು

‘ಅಜ್ಜ ಉಂಡದ್ದನ್ನೇ ಮರೆಯುತ್ತಾನೆ, ಕೇಸಿನ ತಾರೀಖು ಎಲ್ಲಿ ನೆನಪಿರಬೇಕು’ ಎಂದು ಫೋನಿನ ಗ್ರೂಪಿನಲ್ಲಿ ನಕ್ಕವರು ಯಾರೆಂದು ನನಗೆ ಗೊತ್ತು. ನಗುವವರು ಮೊದಲು ತಮ್ಮ ಹೆಂಡತಿಯ ಫೋನ್ ನಂಬರನ್ನು ನೋಡದೆ ಹೇಳಲಿ. ಆಮೇಲೆ ನನ್ನ ನೆನಪಿನ ತಂಟೆಗೆ ಬರಲಿ.

2023ರ ಜೂನ್ 20, ಮಂಗಳವಾರ. ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಬೆಟಗೇರಿ ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಮೈಲಾರಪ್ಪ ಚಹಾದ ಕಪ್ಪನ್ನು ಬಾಯಿಗೆ ಒಯ್ಯುವಷ್ಟರಲ್ಲಿ ಬಾಗಿಲಲ್ಲಿ ಬನಶಂಕರೆವ್ವ ನಿಂತಿದ್ದಳು. ಅರವತ್ತೆಂಟರ ನೇಕಾರ ಹೆಂಗಸು, ಗಂಡ ಇಲ್ಲ.

“ಯಪ್ಪಾ, ನನ್ನ ಹೆಸರು ಕಳುವಾಗೇತಿ. ಬರ್ಕೋ.”

“ಹೆಸರು ಹೆಂಗ ಕಳುವಾಕ್ಕೈತಿ ಬೇ? ಸರ ಕಳುವಾಕ್ಕೈತಿ, ಸೈಕಲ್ ಕಳುವಾಕ್ಕೈತಿ.”

“ಸರ ಎಲ್ಲೈತೋ ನನ್ನ ಕಡೆ? ಇದ್ದದ್ದು ಒಂದು ಹೆಸರು. ಅದನ್ನೂ ಹಾರಿಸ್ಯಾರ.”

ಸಂಗತಿ ಇಷ್ಟು. ನೇಕಾರರ ಸಂಘಕ್ಕೆ ನಲವತ್ತು ಮನೆ ಸೈಟು ಮಂಜೂರಾಗಿದ್ದವು. 2005ರಲ್ಲಿ ಮೊದಲು ಅರ್ಜಿ ಕೊಟ್ಟ ನಲವತ್ತು ಮಂದಿಗೆ ಅವು ಸಿಗಬೇಕು. ಬನಶಂಕರೆವ್ವನದು ಮೂವತ್ತೊಂಬತ್ತನೆಯ ನಂಬರು. ಸೋಮವಾರ ಬೋರ್ಡಿಗೆ ಹಚ್ಚಿದ ಪಟ್ಟಿಯಲ್ಲಿ ಆ ನಂಬರಿಗೆ ಗದಿಗೆವ್ವ ಎಂಬ ಬೇರೆ ಹೆಂಗಸಿನ ಹೆಸರಿತ್ತು. ಅರ್ಜಿಯ ಚೀಟಿ ಎಲ್ಲಿ ಎಂದರೆ, ಗೆದ್ದಲು ತಿಂದಿದೆ ಎಂದಳು. ಮುದುಕಿ ಸುಳ್ಳು ಹೇಳುತ್ತಿದ್ದಾಳೆ ಎಂದೇ ಮೈಲಾರಪ್ಪನಿಗೆ ಅನಿಸಿತು.

“ಸೈಟ್ ಇಲ್ಲಂದ್ರ ಬಾಡಿಗಿ ಮನ್ಯಾಗ ಇರು.”

“ನಂದು ಕುಣಿ ಮಗ್ಗ ಐತಿ. ನೆಲದಾಗ ಕುಣಿ ತೋಡಿ, ಕಾಲು ಇಳಿಬಿಟ್ಟು ನೇಯಬೇಕು. ಈಗಿನ ಮಾಲಕ ಮನಿ ಕೆಡವಾಕತ್ಯಾನ. ಯಾವ ಮಾಲಕ ತನ್ನ ನೆಲ ಅಗಿಯಾಕ ಬಿಡ್ತಾನ, ನಿಮ್ಮಪ್ಪ ಬಿಡ್ತಾನೇನು?”

ಒಳಗಿನಿಂದ ಪಿಎಸ್‌ಐ ವಿದ್ಯಾಶ್ರೀ ನಕ್ಕರು. “ಮೈಲಾರಪ್ಪ, ಬರ್ಕೊಳ್ರಿ.”

12.05ಕ್ಕೆ ಎಫ್‌ಐಆರ್ ಆಯಿತು.

ಮರುದಿನ ಸಂಘದ ಕಚೇರಿ. ಕಾರ್ಯದರ್ಶಿ ಬಾಬಣ್ಣ ಕುರ್ಚಿ ಬಿಟ್ಟು ಏಳಲಿಲ್ಲ. ಕಂಪ್ಯೂಟರ್ ಆಪರೇಟರ್ ಪ್ರಭುಲಿಂಗ ಪಟ್ಟಿಯ ಫೈಲನ್ನು ತೆರೆದು ತೋರಿಸಿದ. ತಾರೀಖು 14 ಮಾರ್ಚ್ 2005 ಎಂದೇ ಇತ್ತು.

“ಗದಿಗೆವ್ವ ಯಾರು?” ಎಂದು ಕೇಳಿದರು ವಿದ್ಯಾಶ್ರೀ.

“ನಮ್ಮವ್ವ ರೀ,” ಎಂದ ಪ್ರಭುಲಿಂಗ.

“ನಲವತ್ತನೇ ನಂಬರಿನವ?”

ಪ್ರಭುಲಿಂಗ ಬಾಬಣ್ಣನತ್ತ ನೋಡಿದ. ಬಾಬಣ್ಣನೇ ಹೇಳಿದ, “ನನ್ನ ಹೆಂಡತಿ ತಮ್ಮ. ಅಂವಾನೂ ನೇಕಾರನs ಅದಾನ. ತಪ್ಪೇನೈತಿ?”

“ಕಾಗದದ ರಜಿಸ್ಟರ್?”

“ಕೊನೀ ಹಾಳಿ ಗೆದ್ದಲು ತಿಂದೈತ್ರಿ,” ಎಂದ ಪ್ರಭುಲಿಂಗ.

ಮೈಲಾರಪ್ಪ ತಲೆ ಕೆರೆದುಕೊಂಡ. ಇದೇ ಗೆದ್ದಲಿನ ಮಾತನ್ನು ನಿನ್ನೆ ಮುದುಕಿ ಹೇಳಿದಾಗ ಅವನು ನಂಬಿರಲಿಲ್ಲ.

“2005ರಾಗ ಇದನ್ನ ಯಾವ ಕಂಪ್ಯೂಟರಿನ್ಯಾಗ ಮಾಡಿದ್ರಿ?” ಎಂದರು ವಿದ್ಯಾಶ್ರೀ.

“ಹಳೇದ್ರಾಗ ರೀ. ಅದು ಸತ್ತು ಒಂಬತ್ತು ವರ್ಷ ಆತು,” ಎಂದ ಪ್ರಭುಲಿಂಗ.

ಬಾಗಿಲ ಬಳಿ ನಿಂತಿದ್ದ ಜವಾನ ಮಹಬೂಬಸಾಬ ಕೆಮ್ಮಿದ. “ಸತ್ತೈತಿ ಅಂತ ಯಾರು ಅಂದಾರ್ರಿ? ಪ್ರತಿ ವರ್ಷ ದಸರಾದಾಗ ಯಂತ್ರ ಪೂಜಿಸೋ ಖಂಡೆ ಪೂಜೀ ದಿನ ನಾನs ಹಚ್ಚತೀನಿ. ಪೂಜಿ ಮುಗಿಯೂತನಕ ಪರದೆ ಬೆಳಗಬೇಕು, ಇಲ್ಲಂದ್ರ ಅಪಶಕುನ ಅಂತ ಹಳೇ ಚೇರಮನ್ ಸಾಹೇಬ್ರ ಕಟ್ಟಪ್ಪಣಿ ಐತ್ರಿ.”

“ನಿನಗ ಗೊತ್ತಿಲ್ಲೇನಲೇ?” ಮೈಲಾರಪ್ಪ ಪ್ರಭುಲಿಂಗನತ್ತ ತಿರುಗಿದ.

“ಪೂಜಿಗೆ ಕಾಯಂ ನೌಕರರನ್ನಷ್ಟs ಕರೀತಾರ್ರಿ. ನಾ ದಿನಗೂಲಿ. ಅವತ್ತು ನನಗ ರಜಾ, ಪಗಾರ ಇಲ್ಲದ ರಜಾ.”

ಜೂನ್ 22, ಗುರುವಾರ, ಮಧ್ಯಾಹ್ನ 3.10. ಇಬ್ಬರು ಪಂಚರ ಎದುರು ಪಂಚನಾಮೆ. ಹಿಂದಿನ ಕೋಣೆಯಲ್ಲಿ ಕೆಂಪು ವಸ್ತ್ರದ ಕೆಳಗೆ, ಕುಂಕುಮ ಮೆತ್ತಿದ ಹಳೆಯ ಯಂತ್ರ. ಜಿಲ್ಲಾ ಕಚೇರಿಯಿಂದ ಬಂದ ತಂತ್ರಜ್ಞ ಅದರ ಡಿಸ್ಕಿನ ನಕಲು ತೆಗೆದು ಸೀಲು ಮಾಡಿದ ಮೇಲೆ ವಿದ್ಯಾಶ್ರೀ ಎರಡು ಪರೀಕ್ಷೆ ಮಾಡಿಸಿದರು.

ಮೊದಲನೆಯದು: ಬಾಬಣ್ಣ ತೋರಿಸಿದ ‘2005ರ’ ಫೈಲನ್ನು ಹಳೆಯ ಯಂತ್ರಕ್ಕೆ ಹಾಕುವುದು. ಯಂತ್ರ ಗುರುಗುಟ್ಟಿತು. ಇದು ಯಾವ ನಮೂನೆಯ ಫೈಲೋ ತನಗೆ ತಿಳಿಯದು ಎಂಬ ಸಾಲು ಪರದೆಯ ಮೇಲೆ ಬಂತು.

“ಹಳೇದು ಕೆಟ್ಟೈತ್ರಿ ಮೇಡಮ್,” ಎಂದ ಬಾಬಣ್ಣ.

“ಕೆಟ್ಟಿಲ್ಲ. ಈ ಡೇಟಾಬೇಸ್ ಸಾಫ್ಟ್‌ವೇರ್ 2007ಕ್ಕ ತನ್ನ ಫೈಲಿನ ನಮೂನೀನ ಬದಲಿ ಮಾಡೇತಿ. ನಿಮ್ಮ ಫೈಲ್ ಆ ಹೊಸ ನಮೂನಿದು. ಎರಡು ವರ್ಷ ಆದಮ್ಯಾಲೆ ಹುಟ್ಟೋ ನಮೂನಿ 2005ರಾಗ ಎಲ್ಲಿಂದ ಬಂತು? ಕಂಪ್ಯೂಟರಿನ ತಾರೀಖು ಹಿಂದಕ್ಕ ಸರಿಸಿದವರು ಯಾರು?”

ಬಾಬಣ್ಣ ಆಗ ಕುರ್ಚಿ ಬಿಟ್ಟು ಎದ್ದ.

ಎರಡನೆಯದು: ಹಳೆಯ ಯಂತ್ರದೊಳಗೇ ಇದ್ದ ಮೂಲ ಫೈಲು. 2014ರಲ್ಲಿ ಹೊಸ ಕಂಪ್ಯೂಟರಿಗೆ ಅದನ್ನು ಹಾಕಿದಾಗ ತೆರೆದಿರಲಿಲ್ಲ. ಹೊಸ ಸಾಫ್ಟ್‌ವೇರು ಅಷ್ಟು ಹಳೆಯ ನಮೂನೆ ಓದುವುದನ್ನು ಬಿಟ್ಟುಬಿಟ್ಟಿತ್ತು. ಫೈಲೇ ಕೆಟ್ಟಿದೆ ಎಂದು ಪ್ರಭುಲಿಂಗ ಆಸೆ ಬಿಟ್ಟಿದ್ದ. ಹಳೆಯ ಯಂತ್ರದಲ್ಲಿ ಅದು ಚಕ್ಕನೆ ತೆರೆಯಿತು.

“ನೀನs ಓದಲೇ,” ಎಂದ ಮೈಲಾರಪ್ಪ ಪ್ರಭುಲಿಂಗನಿಗೆ.

“ಮೂವತ್ತೆಂಟು, ಹೊಳೆಯಪ್ಪ. ಮೂವತ್ತೊಂಬತ್ತು, ಬನಶಂಕರೆವ್ವ. ನಲವತ್ತು...”

ಪ್ರಭುಲಿಂಗ ಪರದೆಯ ಹತ್ತಿರಕ್ಕೆ ಮುಖ ಒಯ್ದ. ಮೈಲಾರಪ್ಪ ಬಗ್ಗಿ ನೋಡಿದ. ನಲವತ್ತು, ಗದಿಗೆವ್ವ. ಪ್ರಭುಲಿಂಗನ ತಾಯಿ ಹದಿನೆಂಟು ವರ್ಷಗಳಿಂದ ಅಲ್ಲೇ ಇದ್ದಳು.

ಸಂಜೆ 5.40ಕ್ಕೆ ಇಬ್ಬರ ಬಂಧನ. ಜೀಪಿನಲ್ಲಿ ಪ್ರಭುಲಿಂಗ ಬಾಯಿ ಬಿಟ್ಟ.

“ಅರ್ಜಿ ಕೊಟ್ಟೀನಪಾ, ಕೊಟ್ಟೀನಿ ಅಂತ ಅವ್ವ ಬಡಕೋತಿದ್ಲು. ಚೀಟಿ ಇಲ್ಲ, ನಂಬರ್ ನೆನಪಿಲ್ಲ. ನಾ ನಂಬಲಿಲ್ಲ. ಕೊನೀ ಎರಡು ಹೆಸರು ಸಿಗವಲ್ದು ಅಂದಾಗ ಇವರು, ಒಂದ್ರಾಗ ನನ್ನ ಹೆಂಡತಿ ತಮ್ಮನ್ನ ಬರಿ, ಒಂದ್ರಾಗ ನಿಮ್ಮವ್ವನ್ನ ಬರ್ಕೋ, ನಿನ್ನ ಕಾಯಂ ಮಾಡ್ತೀನಿ ಅಂದ್ರು. ಒಂಬತ್ತು ವರ್ಷ ದಿನಗೂಲಿ ಮಾಡೀನ್ರಿ. ಕಣ್ಣು ಮುಚ್ಚಿ ಬರದೆ.”

“ಅವ್ವನ ಮಾತು ನಂಬಿದ್ರ ಸಾಕಿತ್ತಲ್ಲೋ,” ಎಂದ ಮೈಲಾರಪ್ಪ. ಬೈಯಬೇಕೆಂದುಕೊಂಡಿದ್ದ, ಆಗಲಿಲ್ಲ.

ಬಾಬಣ್ಣ ಎಂಟು ದಿನಕ್ಕೆ ಜಾಮೀನು ಪಡೆದು ಹೊರಬಂದು ಚಹಾ ಕುಡಿಯುತ್ತ ಕುಳಿತ. ಪ್ರಭುಲಿಂಗನಿಗೆ ಜಾಮೀನು ನಿಲ್ಲುವವರು ಸಿಗಲು ಎರಡು ತಿಂಗಳು ಹಿಡಿಯಿತು. ಬನಶಂಕರೆವ್ವನಿಗೆ ಸೈಟು ಸಿಕ್ಕಿತು, ಅವಳು ಮೊದಲು ಕುಣಿ ತೋಡಿಸಿ ಆಮೇಲೆ ಗೋಡೆ ಎಬ್ಬಿಸಿದಳು. ಗದಿಗೆವ್ವನ ಸೈಟನ್ನು ಮಾತ್ರ ತಡೆಹಿಡಿದರು. ಆರೋಪಿಯ ತಾಯಿ, ಪ್ರಕರಣ ಇತ್ಯರ್ಥವಾಗಲಿ ಎಂದು ಷರಾ ಬರೆದರು.

ದೀಪಾವಳಿ ಮುಗಿದ ಮೇಲೆ ಬನಶಂಕರೆವ್ವ ಮತ್ತೆ ಠಾಣೆಯ ಬಾಗಿಲಿಗೆ ಬಂದಳು.

“ಯಪ್ಪಾ, ಗದಿಗೆವ್ವನ ಹೆಸರು ಕಳುವಾಗೇತಿ. ಬರ್ಕೋ.”

“ಅದನ್ನ ಯಾರು ಕದ್ದಾರಂತ ಬರೀಲಿ ಬೇ?”

“ಅದನ್ನ ಹುಡುಕಾಕs ನಿನಗ ಪಗಾರ ಕೊಡ್ತಾರ.”

ಮೈಲಾರಪ್ಪ ಪೆನ್ನು ತೆಗೆದ. ಆರೋಪಿಯ ಹೆಸರು ಬರೆಯುವ ಜಾಗಕ್ಕೆ ಬಂದು ನಿಲ್ಲಿಸಿದ. ಆ ಜಾಗ ಇನ್ನೂ ಖಾಲಿ ಇದೆ.

ಈ ಧ್ವನಿ ಸಂದೇಶ ಕೇಳಿ ಸುಮ್ಮನೆ ಅಳಿಸಬೇಡಿ. ನಿಮಗೆ ಗೊತ್ತಿರುವವರಿಗೆಲ್ಲ ಕಳಿಸಿ, ಸೈಟು ಹಂಚುವ ಮೇಜಿನ ಹಿಂದೆ ಕೂತವನ ಕಿವಿಗೆ ಬೀಳುವವರೆಗೂ ಕಳಿಸಿ. ಜಲ್ದಿ ಕಳಿಸಿ. ಗದಿಗೆವ್ವನಿಗೆ ಈಗ ಎಪ್ಪತ್ತನಾಲ್ಕು.