ಒದ್ದೆ ರಟ್ಟಿನ ವಾಸನೆ

"ಒಂದು ಮಾತು ಕೇಳಲಾ? ಈ ವೈನ್‌ನಲ್ಲಿ ಒದ್ದೆ ರಟ್ಟಿನ ವಾಸನೆ ಬರ್ತಿದೆ. ಇದು ಹೀಗೇ ಇರಬೇಕಾ?"

ಕೇಳಿದವನು ಮೇಜಿನ ಕೊನೆಯಲ್ಲಿ ಕೂತಿದ್ದ ಹೊಸಬ. ಪಾಪ, ವೈನ್ ಬಡಿಸಿದವಳಿಗೆ ಮಾತ್ರ ಕೇಳಿಸಲೆಂದು ಮೆಲ್ಲಗೇ ಕೇಳಿದ್ದ. ಆದರೆ ಒಂದೇ ಮೇಜಿನ ಸುತ್ತ ಹನ್ನೆರಡು ಜನ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತಲ್ಲಿ ಗುಟ್ಟು ಎಲ್ಲಿ ನಿಲ್ಲುತ್ತದೆ? ಎಲ್ಲ ತಲೆಗಳೂ ಅವನತ್ತ ತಿರುಗಿದವು, ಆಮೇಲೆ ಅವಳತ್ತ.

ಅವಳು ಗ್ಲಾಸನ್ನು ಮತ್ತೊಮ್ಮೆ ಮೂಗಿಗೆ ಹಿಡಿದಳು.

ಬೀದಿಯವರಿಗೆಲ್ಲ ಅವಳು ಮೂಗಮ್ಮ. ದೊಡ್ಡಮ್ಮನ ಆ ಪುಟ್ಟ ವೈನ್ ಅಂಗಡಿಯಲ್ಲಿ ನೆಲದಿಂದ ಸೂರಿನವರೆಗೆ ಯುರೋಪಿನ ಬಾಟಲಿಗಳು. ಕಣ್ಣು ಕಟ್ಟಿ ಗ್ಲಾಸ್ ಕೈಗೆ ಕೊಟ್ಟರೆ, ಬರೀ ಮೂಸಿ, ಇದು ಇಟಲಿಯದ್ದು, ಇದು ಸ್ಪೇನಿನದ್ದು, ಈ ದ್ರಾಕ್ಷಿ ಬೆಳೆದ ಗುಡ್ಡಕ್ಕೆ ಬೆಳಗಿನ ಬಿಸಿಲು ಬೀಳುತ್ತಿತ್ತು ಎಂದೆಲ್ಲ ಹೇಳಿಬಿಡುತ್ತಿದ್ದಳು. ಅದನ್ನು ನೋಡಲೆಂದೇ ಪ್ರತಿ ಶನಿವಾರ ನಾಲ್ಕು ಗಂಟೆಗೆ ಜನ ಸೇರುತ್ತಿದ್ದರು. ಬಾಟಲಿಗಳಿಗೆ ಕಂದು ಕಾಗದ ಸುತ್ತಿ ಇಡುವುದು, ಮೊದಲ ಗುಟುಕು ಅವಳ ಗ್ಲಾಸಿಗೆ, ಅವಳು ಮೂಸಿ ತಲೆಯಾಡಿಸಿದ ಮೇಲಷ್ಟೇ ಉಳಿದವರಿಗೆ. ಹತ್ತು ವರ್ಷಗಳಿಂದ ನಡೆದುಬಂದ ಕ್ರಮ ಅದು.

ಇವತ್ತೂ ಮೂಸಿದ್ದಳು. ತಲೆಯಾಡಿಸಿದ್ದಳು. ಆದರೆ ಅವಳ ಮೂಗಿಗೆ ಏನೂ ಬಂದಿರಲಿಲ್ಲ.

ಎಂಟು ತಿಂಗಳ ಹಿಂದೆ ಬಂದ ಜ್ವರ ವಾರದಲ್ಲಿ ಹೋಯಿತು, ಹೋಗುವಾಗ ವಾಸನೆಯನ್ನೂ ಹೊತ್ತುಕೊಂಡು ಹೋಯಿತು. ಬರಬಹುದು, ಬರದೆಯೂ ಇರಬಹುದು ಎಂದಿದ್ದರು ಡಾಕ್ಟರು. ಅಂದಿನಿಂದ ಅವಳಿಗೆ ಕಾಫಿ ಎಂದರೆ ಬಿಸಿಯಾದ ಕಹಿ ನೀರು, ವೈನ್ ಎಂದರೆ ಬರೀ ಹುಳಿ, ಒಗರು. ಶನಿವಾರದ ಬಾಟಲಿ ಆರಿಸಿ ಕಾಗದ ಸುತ್ತುವ ಕೆಲಸವನ್ನೂ ಆಮೇಲೆ ತಾನೇ ವಹಿಸಿಕೊಂಡಿದ್ದರಿಂದ ಹಳೆಯ ಟಿಪ್ಪಣಿ ನೆನಪಿಸಿಕೊಂಡು ಮಾತಾಡಿದರೆ ಸಾಕಿತ್ತು. ಯಾರಿಗೂ ಹೇಳಿರಲಿಲ್ಲ, ದೊಡ್ಡಮ್ಮನಿಗೂ.

*ಇವನಿಗೆ ಗೊತ್ತಾಗಿಬಿಟ್ಟಿದೆಯಾ?*

ಹೆದರಿಕೆ ಬಂದಾಗ ಕೆಲವರು ಅಳುತ್ತಾರೆ. ನಮ್ಮ ಮೂಗಮ್ಮನಿಗೆ ನಾಲಿಗೆ ಚುರುಕಾಗುತ್ತದೆ. ಅವಳು ಅವನ ಅಂಗಿಯ ತೋಳಿಗಂಟಿದ್ದ ಗೋಂದಿನ ಕಲೆ ನೋಡಿದಳು.

"ನೀವು ಎರಡು ಬೀದಿ ಆಚೆಯ ಬುಕ್ ಬೈಂಡರ್ ಅಲ್ವಾ? ದಿನವಿಡೀ ಗೋಂದಿನ ಡಬ್ಬಿಯಲ್ಲಿ ಮೂಗಿಟ್ಟವರಿಗೆ ಎಲ್ಲದರಲ್ಲೂ ರಟ್ಟೇ ಕಾಣುತ್ತೆ ಬಿಡಿ."

ಎಲ್ಲರೂ ನಕ್ಕರು. ನಿವೃತ್ತ ಜಡ್ಜ್ ಸಾಹೇಬರು ಗ್ಲಾಸನ್ನು ಬೆಳಕಿಗೆ ಹಿಡಿದು, ಇದು ರಟ್ಟಲ್ಲ, ಮಳೆ ಬಿದ್ದ ಕಾಡಿನ ಅಣಬೆ ಎಂದು ತೀರ್ಪು ಕೊಟ್ಟರು. ಹಲ್ಲಿನ ಡಾಕ್ಟರಮ್ಮ, ಹೌದು ಹೌದು, ಅಣಬೆಯೇ ಎಂದರು.

ಬೈಂಡರ್ ಕಿವಿಯವರೆಗೂ ಕೆಂಪಾದ. ತಪ್ಪು ತನ್ನದೇ ಇರಬೇಕೆಂದು ಹೇಳಿ, ಗ್ಲಾಸಿನಲ್ಲಿದ್ದುದನ್ನು ಕೊನೆಯ ಹನಿಯವರೆಗೆ ಕುಡಿದ. ಆಮೇಲೆ ಕುರ್ಚಿಯನ್ನು ಸದ್ದಾಗದಂತೆ ಮೇಜಿನೊಳಗೆ ಸರಿಸಿ ಹೊರಟುಹೋದ.

ಅವನು ಕುರ್ಚಿ ಸರಿಸಿದ ರೀತಿ ಯಾಕೋ ಅವಳ ಮನಸ್ಸಿನಲ್ಲಿ ಉಳಿದುಹೋಯಿತು.

ಮರುದಿನ ಬೆಳಿಗ್ಗೆ ದೊಡ್ಡಮ್ಮ ಉಳಿದ ವೈನನ್ನು ಅಡುಗೆಗೆ ಬಳಸೋಣವೆಂದು ಬಾಟಲಿ ಮೂಗಿನ ಹತ್ತಿರ ತಂದರು. ತಂದಷ್ಟೇ ಬೇಗ ದೂರ ಹಿಡಿದರು.

"ಇದನ್ನ ನಿನ್ನೆ ಜನರಿಗೆ ಕೊಟ್ಯಾ? ನೆನೆದ ರಟ್ಟಿನ ಡಬ್ಬದ ಹಾಗೆ ನಾರ್ತಿದೆಯಲ್ಲೇ. ಕಾರ್ಕ್ ಕೆಟ್ಟು ವೈನಿಗೂ ಹಿಡಿದಿದೆ."

ನಿನ್ನೆ ಚೆನ್ನಾಗಿತ್ತು, ರಾತ್ರಿ ಕೆಟ್ಟಿರಬೇಕು ಎಂದಳು ಅವಳು. ಮೂವತ್ತು ವರ್ಷ ಅಂಗಡಿ ನಡೆಸಿದ ಹೆಂಗಸಿಗೆ ಕಾರ್ಕ್ ಒಂದು ರಾತ್ರಿಯಲ್ಲಿ ಕೆಡುವುದಿಲ್ಲವೆಂದು ಗೊತ್ತಿಲ್ಲವೇ? ಆದರೂ ದೊಡ್ಡಮ್ಮ ಅವಳ ಮುಖವನ್ನೊಮ್ಮೆ ನೋಡಿ, ಬಾಟಲಿಯನ್ನು ಸಿಂಕಿಗೆ ಬಗ್ಗಿಸಿದರು.

ಅಂದರೆ ಅವನು ಹೇಳಿದ್ದು ಸರಿ. ಹನ್ನೆರಡು ಜನರಲ್ಲಿ ಸರಿ ಹೇಳಿದವನು ಅವನೊಬ್ಬನೇ. ಅವನನ್ನೇ ಅವಳು ನಗೆಪಾಟಲು ಮಾಡಿ ಕಳಿಸಿದ್ದಳು.

ಹೋಗಿ ಕ್ಷಮೆ ಕೇಳಬೇಕು. ಆದರೆ ಹಾಗಾದರೆ ನಿಮಗೇಕೆ ಗೊತ್ತಾಗಲಿಲ್ಲ ಎಂದು ಅವನು ಕೇಳಿದರೆ? ಅದಕ್ಕಿದ್ದ ಉತ್ತರ ಒಂದೇ. ಆ ಉತ್ತರ ಬಾಯಿಂದ ಹೊರಬಿದ್ದರೆ ಶನಿವಾರಗಳು ಮುಗಿದಂತೆ. ಮೂಗಿಲ್ಲದ ಮೂಗಮ್ಮನ ಮೇಜಿಗೆ ಯಾರು ಬರುತ್ತಾರೆ? ಶನಿವಾರ ಇಲ್ಲವಾದರೆ ತಾನು ಯಾರು ಎಂಬುದೇ ಅವಳಿಗೆ ತಿಳಿಯುತ್ತಿರಲಿಲ್ಲ.

ಮೂರು ದಿನ ಒದ್ದಾಡಿದಳು. ನಾಲ್ಕನೆಯ ದಿನ ಒಂದು ನೆಪ ಸಿಕ್ಕಿತು. ಹತ್ತು ವರ್ಷಗಳಿಂದ ಪ್ರತಿ ವೈನಿನ ಬಗ್ಗೆ ಬರೆದಿಟ್ಟ ಟಿಪ್ಪಣಿ ಪುಸ್ತಕ ಬೆನ್ನು ಮುರಿದು ಹಾಳೆ ಉದುರಿಸುತ್ತಿತ್ತು. ಅದನ್ನು ಕಂಕುಳಲ್ಲಿಟ್ಟುಕೊಂಡು ಎರಡು ಬೀದಿ ಆಚೆಗಿನ ಬೈಂಡಿಂಗ್ ಅಂಗಡಿಗೆ ಹೋದಳು.

ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾವುದೋ ಗ್ರಂಥಾಲಯದಲ್ಲಿ ನೀರಿನ ಪೈಪ್ ಒಡೆದು ನೂರಾರು ಪುಸ್ತಕಗಳು ನೆನೆದಿದ್ದವಂತೆ. ಹಗ್ಗದ ಮೇಲೆ, ಕಿಟಕಿಯ ಮೇಲೆ, ಕುರ್ಚಿಗಳ ಮೇಲೆಲ್ಲ ಪುಸ್ತಕಗಳು ಒಣಗುತ್ತಿದ್ದವು. ಬೈಂಡರ್ ಅವಳನ್ನು ಕಂಡು ಗಡಬಡಿಸಿ ಎದ್ದು, ಕೂರಲು ಒಂದು ಸ್ಟೂಲ್ ಖಾಲಿ ಮಾಡಿಕೊಟ್ಟ. ಮುಖದಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ. ಒಂದೆರಡು ಮಾತು ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಪುಸ್ತಕ ಕೈಗೆತ್ತಿಕೊಂಡು ಅವನು ಬೆನ್ನಿನ ಮೇಲೆ ಬೆರಳಾಡಿಸಿದ. ನೋವಿರುವ ಕಡೆ ಮುಟ್ಟಿ ನೋಡುವ ವೈದ್ಯರ ಬೆರಳಿನಂತಿತ್ತು ಅದು.

*ಹೇಳಿಬಿಡು... ಈಗಲೇ ಹೇಳಿಬಿಡು.*

ಅಷ್ಟರಲ್ಲಿ ಮೂಲೆಯಲ್ಲಿ ಕೆಲಸ ಮಾಡುತ್ತಿದ್ದ ಅವನ ತಂಗಿ ಒಂದು ರಟ್ಟನ್ನು ಮೂಸಿ ನೋಡಿ, ಇದು ಒಣಗಿದೆ, ಹೊಲಿಯಬಹುದು ಎಂದು ಪಕ್ಕಕ್ಕಿಟ್ಟಳು. ಮೂಸುವುದು ಯಾಕೆಂದು ಮೂಗಮ್ಮ ಕುತೂಹಲದಿಂದ ಕೇಳಿದಳು. ರಟ್ಟು ಮುಟ್ಟಲು ಒಣಗಿದ ಹಾಗಿದ್ದರೂ ಒಳಗೆ ಹಸಿ ಇರುತ್ತದೆ, ಅದನ್ನು ವಾಸನೆಯಿಂದಲೇ ಹಿಡಿಯಬೇಕು, ಇಲ್ಲದಿದ್ದರೆ ಇಡೀ ಪುಸ್ತಕ ಬೂಸ್ಟು ಹಿಡಿಯುತ್ತದೆ ಎಂದು ತಂಗಿ ವಿವರಿಸಿದಳು. ಇಷ್ಟು ವರ್ಷ ಆ ಕೆಲಸ ಅಣ್ಣನದೇ ಆಗಿತ್ತಂತೆ.

"ಈಗ ಯಾಕೆ ನೀವು ಮಾಡ್ತಿಲ್ಲ?" ಅವಳು ಅವನನ್ನೇ ಕೇಳಿದಳು.

ಅವನು ಸಂಕೋಚದಿಂದ ನಕ್ಕ. "ಶನಿವಾರ ಗೊತ್ತಾಯ್ತಲ್ಲ... ಒಳ್ಳೇ ವೈನ್‌ನಲ್ಲೇ ರಟ್ಟಿನ ವಾಸನೆ ಹಿಡಿದವನು ನಾನು. ಅಂಥ ಮೂಗನ್ನ ನಂಬಿ ಊರವರ ಪುಸ್ತಕ ಹೇಗೆ ಹೊಲಿಯಲಿ? ನಿಮ್ಮಂಥವರೇ ಹೇಳಿದ ಮೇಲೆ..."

ಅವಳು ಮೂಗು ಕಳೆದುಕೊಂಡದ್ದು ಜ್ವರದಿಂದ. ಅವನು ಕಳೆದುಕೊಳ್ಳುತ್ತಿದ್ದುದು ಅವಳ ಒಂದು ಕುಹಕದಿಂದ. ಆದರೂ ಹೇಳಲಾಗಲಿಲ್ಲ. ಶನಿವಾರದೊಳಗೆ ಪುಸ್ತಕ ಕೊಟ್ಟರೆ ಒಳ್ಳೆಯದು ಎಂದಷ್ಟೇ ಹೇಳಿ, ಯಾರೋ ಅಟ್ಟಿಸಿಕೊಂಡು ಬಂದಂತೆ ಹೊರಬಿದ್ದಳು.

ಶನಿವಾರ ಬಂದೇ ಬಂದಿತು. ಜಡ್ಜ್ ಸಾಹೇಬರು, ಡಾಕ್ಟರಮ್ಮ, ಉಳಿದವರೆಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದರು. ಅವಳು ಮೊದಲ ಬಾಟಲಿಯ ಕಾರ್ಕ್ ಎಳೆಯುತ್ತಿದ್ದಾಗ ಬಾಗಿಲಲ್ಲಿ ಬೈಂಡರ್ ನಿಂತ. ಕೈಯಲ್ಲಿ ಅವಳ ಪುಸ್ತಕ. ಬೆನ್ನಿಗೆ ಹೊಸ ಬಟ್ಟೆ ಬಂದಿತ್ತು, ಮಾಗಿದ ವೈನಿನದೇ ಕೆಂಪು.

ಒಳಗೆ ಬರಲು ಹಿಂಜರಿದ. ಅವಳೇ ಬಾಗಿಲಿಗೆ ಹೋದಳು.

"ಒಂದು ತಪ್ಪಾಗಿದೆ," ಎಂದ ತಗ್ಗಿದ ದನಿಯಲ್ಲಿ. "ಕೊನೆಯ ಎಂಟು ತಿಂಗಳ ಟಿಪ್ಪಣಿಯಲ್ಲಿ ಬರೀ ಬಣ್ಣ ಇದೆ, ಹುಳಿ ಇದೆ, ಒಗರು ಇದೆ. ವಾಸನೆ ಬಗ್ಗೆ ಒಂದು ಸಾಲೂ ಇಲ್ಲ. ಅದಕ್ಕೂ ಮುಂಚೆ ನೀವು ವಾಸನೆಗೇ ಅರ್ಧ ಪುಟ ಬರೀತಿದ್ರಿ. ಆ ಹಾಳೆಗಳು ನನ್ನ ಅಂಗಡಿಯಲ್ಲೇ ಎಲ್ಲೋ ಬಿದ್ದಿರಬೇಕು. ಎರಡು ದಿನ ಹುಡುಕಿದೆ, ಸಿಗಲಿಲ್ಲ. ಕಳೆದುಹಾಕಿದವನು ನಾನೇ. ನನ್ನನ್ನ ಕ್ಷಮಿಸಿ."

ಅವಳು ಅವನ ಮುಖವನ್ನೇ ನೋಡಿದಳು. ಕಣ್ಣುಗಳು ಕೆಂಪಾಗಿದ್ದವು. ನಿಜವಾಗಿಯೂ ಹುಡುಕಿದ್ದ ಆ ಮನುಷ್ಯ, ಬರೆಯದೇ ಇದ್ದ ಹಾಳೆಗಳನ್ನು, ನೂರಾರು ಪುಸ್ತಕಗಳ ನಡುವೆ! ಅವಳ ಸುಳ್ಳಿನ ತಪ್ಪನ್ನು ಅವನು ಎರಡನೆಯ ಸಲ ತನ್ನ ತಲೆಗೆ ಕಟ್ಟಿಕೊಂಡು ನಿಂತಿದ್ದ.

ಸಾಕು, ಎಂದುಕೊಂಡಳು. ಇನ್ನು ಸಾಕು.

ಪುಸ್ತಕವನ್ನು ಎದೆಗವಚಿಕೊಂಡು, ಇನ್ನೊಂದು ಕೈಯಿಂದ ಅವನ ತೋಳು ಹಿಡಿದು ಮೇಜಿನ ಬಳಿ ಕರೆತಂದಳು. ಎಲ್ಲರಿಗೂ ಕೇಳುವಂತೆ ಹೇಳಿದಳು.

"ಹಾಳೆ ಯಾವುದೂ ಕಳೆದಿಲ್ಲ. ನಾನು ಬರೆದೇ ಇಲ್ಲ. ಎಂಟು ತಿಂಗಳಿಂದ ನನಗೆ ವಾಸನೆ ಬರ್ತಿಲ್ಲ. ಹೋದ ಶನಿವಾರ ನಾನು ನಿಮಗೆಲ್ಲ ಕೊಟ್ಟ ಕೆಂಪು ವೈನ್ ಕೆಟ್ಟಿತ್ತು. ಇವರು ಹೇಳಿದ್ದು ಸರಿ, ನನಗೆ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಅನ್ನೋಕೆ ಹೆದರಿ ಇವರಿಗೆ ಅವಮಾನ ಮಾಡಿದೆ."

ಅವಳು ನೆಲ ನೋಡುತ್ತ ನಿಂತಳು. ಈಗ ಕುರ್ಚಿಗಳು ಸರಿಯುವ ಸದ್ದು ಕೇಳುತ್ತದೆ, ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ...

ಕುರ್ಚಿ ಸರಿಯಿತು. ಆದರೆ ಒಂದೇ. ಎದ್ದವರು ಜಡ್ಜ್ ಸಾಹೇಬರು.

"ಅಣಬೆ ಅಂತ ತೀರ್ಪು ಕೊಟ್ಟವನು ನಾನು," ಎಂದರು ಮೀಸೆ ತಿರುವುತ್ತ. "ಮನೆಗೆ ಹೋಗಿ ಮೂರು ಸಲ ಬಾಯಿ ಮುಕ್ಕಳಿಸಿದೆ. ಹತ್ತು ವರ್ಷದಿಂದ ನೀನು ಹೇಳಿದ್ದನ್ನೇ ನಾವು ಮೂಸ್ತಾ ಬಂದಿದ್ದೀವಿ ಕಣಮ್ಮ. ನಮ್ಮ ಮೂಗಿಗೂ ಸ್ವಲ್ಪ ಕೆಲಸ ಕೊಡು."

ಡಾಕ್ಟರಮ್ಮ ಮೊದಲು ನಕ್ಕರು, ಆಮೇಲೆ ಎಲ್ಲರೂ. ಅಂದು ಮೊದಲ ಗುಟುಕು ಅವಳ ಗ್ಲಾಸಿಗೆ ಬೀಳಲಿಲ್ಲ. ದೊಡ್ಡಮ್ಮ ಬಾಟಲಿ ಕಸಿದುಕೊಂಡು ಎಲ್ಲರಿಗೂ ಹಾಕುತ್ತ ಬಂದರು. ಅವಳ ಪಕ್ಕಕ್ಕೆ ಬಂದಾಗ, ಆ ಬಾಟಲಿಯ ಕಾರ್ಕ್ ಒಂದೇ ರಾತ್ರಿಯಲ್ಲಿ ಕೆಟ್ಟಿತು ಅಂತ ನೀನಂದಾಗಲೇ ತಿಳಿಯಿತು, ನೀನಾಗಿ ಹೇಳಲಿ ಅಂತ ಕಾದೆ ಎಂದು ಕಿವಿಯಲ್ಲಿ ಹೇಳಿ ಕೆನ್ನೆ ತಟ್ಟಿದರು. ಎಂಟು ತಿಂಗಳಿಂದ ತಡೆದಿಟ್ಟ ಅಳು ಆಗ ಬಂತು. ಬೈಂಡರ್ ಜೇಬಿನಿಂದ ಕರವಸ್ತ್ರ ತೆಗೆದುಕೊಟ್ಟ.

ಎಲ್ಲರೂ ಹೋದ ಮೇಲೂ ಅವನು ಗ್ಲಾಸುಗಳನ್ನು ಒರೆಸುತ್ತ ಉಳಿದ. ದೊಡ್ಡಮ್ಮ ತಮಗೆ ಒಳಗೆ ಬಹಳ ಕೆಲಸವಿದೆಯೆಂದು ಘೋಷಿಸಿ ಒಳಗೆ ಹೋದರು. ಅಲ್ಲಿ ಯಾವ ಕೆಲಸವೂ ಇರಲಿಲ್ಲವೆಂಬುದು ನಮಗೂ ಗೊತ್ತು, ಅವರಿಬ್ಬರಿಗೂ ಗೊತ್ತು. ಹೋಗುವ ಮುಂಚೆ ಕಾಗದ ಸುತ್ತಿದ ಒಂದು ಬಾಟಲಿಯನ್ನು ಮೇಜಿನ ಮೇಲಿಟ್ಟು, ಇದೇನೆಂದು ಇಬ್ಬರೂ ಸೇರಿ ಹೇಳಿ ನೋಡೋಣ ಎಂದಿದ್ದರು.

ಅವನು ಎರಡು ಗ್ಲಾಸಿಗೆ ಹಾಕಿದ. ಕಡು ಹಳದಿಯ ಬಿಳಿ ವೈನ್. ಅವಳು ಒಂದು ಗುಟುಕು ಕುಡಿದಳು. ನಾಲಿಗೆಯ ಅಂಚಿಗೆ ಚುರುಕಾದ ಹುಳಿ, ಹಿಂದೆಯೇ ತುಸು ಸಿಹಿ. ಅಲ್ಲಿಗೆ ಅವಳ ದಾರಿ ಮುಗಿಯಿತು.

"ಮುಂದಿನದು ನೀವು ಹೇಳಿ," ಎಂದಳು.

ಅವನು ಗ್ಲಾಸ್ ಮೂಸಿದ. "ನಿಂಬೆ ಸಿಪ್ಪೆ... ಜೇನು..." ಮತ್ತೊಮ್ಮೆ ಮೂಸಿ ಗ್ಲಾಸ್ ಕೆಳಗಿಟ್ಟ. "ಇನ್ನೊಂದಿದೆ. ಬೇಡ ಬಿಡಿ. ನನ್ನ ಮೂಗು ಮತ್ತೆ ತಪ್ಪು ಹೇಳ್ತಿದೆ."

"ಹೇಳಿ."

"ನಗ್ತೀರಿ."

"ನಗೋದಿಲ್ಲ. ಯಾವತ್ತೂ ನಗೋದಿಲ್ಲ."

"ಸೀಮೆಎಣ್ಣೆ," ಎಂದ ತಪ್ಪೊಪ್ಪಿಕೊಳ್ಳುವವನಂತೆ.

ಅವಳ ಮುಖ ಅರಳಿತು. "ಜರ್ಮನಿಯ ರೈಸ್ಲಿಂಗ್ ದ್ರಾಕ್ಷಿಯ ವೈನ್. ಹತ್ತು ವರ್ಷಕ್ಕಿಂತ ಹಳೆಯದು. ವಯಸ್ಸಾದಂತೆ ಅದಕ್ಕೆ ಆ ವಾಸನೆ ಬರುತ್ತೆ. ಕೆಟ್ಟು ಬರೋದಲ್ಲ, ಮಾಗಿ ಬರೋದು."

ಅವನು ಕಾಗದ ಬಿಚ್ಚಿದ. ರೈಸ್ಲಿಂಗ್, ಹನ್ನೆರಡು ವರ್ಷ ಹಳೆಯದು. ಇಬ್ಬರೂ ಬಾಟಲಿಯ ಮೇಲಿನ ಚೀಟಿಯನ್ನೇ ನೋಡುತ್ತ ನಿಂತರು. ಎಂಟು ತಿಂಗಳಲ್ಲಿ ಮೊದಲ ಸಲ ಅವಳಿಗೆ ಒಂದು ವೈನ್ ಪೂರ್ತಿಯಾಗಿ ಸಿಕ್ಕಿತ್ತು.

"ನಾಳೆಯಿಂದ ನಿಮ್ಮ ರಟ್ಟುಗಳನ್ನ ನೀವೇ ಮೂಸಿ," ಎಂದಳು ಮೆತ್ತಗೆ. "ಆ ಮೂಗನ್ನ ನೀವು ನಂಬದಿದ್ರೂ ನಾನು ನಂಬ್ತೀನಿ."

ಅವನು ತಲೆಯಾಡಿಸಿದ. ಆಮೇಲೆ, ತನಗೆ ವೈನ್ ಗೊತ್ತೇ ಇಲ್ಲವೆಂದ. ದಿನಾ ಇದೇ ಬೀದಿಯಲ್ಲಿ ಹೋಗುವಾಗ ಅವಳು ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿರುವುದನ್ನು ನೋಡುತ್ತಿದ್ದನಂತೆ. ಒಳಗೆ ಬರುವ ಧೈರ್ಯ ಮಾಡಲು ಒಂದು ವರ್ಷ ಹಿಡಿಯಿತಂತೆ.

ಅವಳಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. "ನಮ್ಮ ಅಂಗಡಿಯಲ್ಲಿ ಈಗ ಏನು ವಾಸನೆ ಬರ್ತಿದೆ?" ಎಂದು ಕೇಳಿದಳು. "ಮರೆತೇ ಹೋಗಿದೆ ನನಗೆ."

"ಹಳೇ ಮರ. ಕಾರ್ಕ್. ಒಳಗೆ ನಿಮ್ಮ ದೊಡ್ಡಮ್ಮ ಕಿತ್ತಳೆ ಸುಲೀತಿದ್ದಾರೆ."

"ಮತ್ತೆ ನಾನು?"

"ಅದಕ್ಕೆ ಸ್ವಲ್ಪ ಹತ್ತಿರ ಬರಬೇಕಾಗುತ್ತೆ."

"ಬನ್ನಿ," ಎಂದಳು.

ಬಂದ. ಅವಳ ಕಿವಿಯ ಪಕ್ಕ ಒಂದು ಕ್ಷಣ ನಿಂತ. "ಸಾಬೂನು," ಎಂದ. "ಮತ್ತೆ... ನನ್ನ ಗೋಂದು."

"ಗೋಂದಾ?"

"ಸಂಜೆಯಿಂದ ಆ ಪುಸ್ತಕ ಎದೆಗೆ ಹಿಡಿದುಕೊಂಡೇ ಇದ್ದೀರಿ."

ಅವಳು ತಲೆ ಬಗ್ಗಿಸಿ ನೋಡಿದಳು. ಹೌದು, ಗ್ಲಾಸ್ ಹಿಡಿದಾಗಲೂ, ಅತ್ತಾಗಲೂ ಅದನ್ನು ಕೆಳಗಿಟ್ಟಿರಲಿಲ್ಲ.

"ಬಿಟ್ಟುಕೊಡೋಕೆ ಮನಸ್ಸಾಗ್ತಿಲ್ಲ."

"ಪುಸ್ತಕವನ್ನಾ?"

"ಹೊಲಿದವರನ್ನೂ," ಎಂದಳು ಅವಳು. ಆಮೇಲೆ ಪುಸ್ತಕ ತೆರೆದು, ಮೊದಲ ಖಾಲಿ ಪುಟವನ್ನು ಮೇಜಿನ ಮೇಲೆ ಬಿಡಿಸಿಟ್ಟು, ಪೆನ್ನು ಹಿಡಿದು, "ನಿಂಬೆ ಸಿಪ್ಪೆಯಿಂದ ಶುರು ಮಾಡಿ ಎಲ್ಲವನ್ನೂ ಇನ್ನೊಮ್ಮೆ ನಿಧಾನವಾಗಿ ಹೇಳಿ. ನಾನು ಬರೆದುಕೊಳ್ತೀನಿ," ಎಂದಳು.