ಕನ್ನಡಕ ತೆಗೆಯದ ಹೀರೋಯಿನ್

ಎರಡು ಸಾವಿರದ ನಾಲ್ಕರ ಜನವರಿ. ಬಸರೀಕಟ್ಟೆಯ ತೋಟದಲ್ಲಿ ಕಾಫಿ ಕೊಯ್ಲು ಭರದಿಂದ ನಡೆದಿತ್ತು. ಭಾನುವಾರವಾದ್ದರಿಂದ ರೇಖಾಳೂ ತೋಟದವರೆಲ್ಲ ಚಿಕ್ಕಕ್ಕ ಎನ್ನುವ ತನ್ನ ಅವ್ವನ ಜೊತೆ ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಬಿಡಿಸುತ್ತಿದ್ದಳು.

"ರೇಖಾ!"

ತಿರುಗಿದಳು. ತೋಟದ ಜೀಪು ಓಡಿಸುವ ಸುಬ್ಬಪ್ಪನ ಮಗ, ಕೊಪ್ಪದ ಕಾಲೇಜಿನಲ್ಲಿ ಅವಳದೇ ತರಗತಿಯ ವಿಜಯ! ಅವನು ಅವಳ ಹೆಸರು ಹಿಡಿದು ಕರೆದದ್ದು ಇದೇ ಮೊದಲು. ಎದೆ ಡವಡವ...

"ಕಾಲೇಜ್ ಡೇಗೆ ನಾಟಕ ಬರ್ದಿದೀನಿ. ನಾನೇ ಹೀರೋ. ನೀನು ಹೀರೋಯಿನ್ ಆಗ್ಬೇಕು."

"ನಾನಾ?!"

"ಹೂಂ. ಕಾಲೇಜ್ ಸಿನಿಮಾದಲ್ಲೆಲ್ಲ ಬರ್ತಾಳಲ್ಲ, ದಪ್ಪ ಕನ್ನಡಕ, ಎಣ್ಣೆ ಜಡೆ, ಯಾರೂ ತಿರುಗಿ ನೋಡದ ಹುಡುಗಿ. ಕೊನೆ ಸೀನಲ್ಲಿ ಕನ್ನಡಕ ತೆಗೀತಾಳೆ, ಜಡೆ ಬಿಚ್ತಾಳೆ... ಹೀರೋ ಬೆರಗಾಗಿ ಬಿಡ್ತಾನೆ! ನಿಂಗಂತೂ ಮೇಕಪ್ಪೇ ಬೇಡ."

ಗೊಂಚಲು ಹಿಡಿದ ಕೈ ಹಾಗೇ ನಿಂತಿತು.

'ಯಾರೂ ನೋಡದ ಹುಡುಗಿ... ಅದಕ್ಕೇ ನಾನು ನೆನಪಾದೆನಾ?'

ಅವನು ಹೋದ ಮೇಲೆ ಅವಳು ಅವ್ವನಿಗೆ ಹೇಳಿದಳು, "ನಾಟಕಕ್ಕೆ ನಾ ಹೋಗಲ್ಲ. ಕನ್ನಡಕ ನೋಡಿ ನಗ್ತಾರೆ."

"ಎಂತಕೆ ಹೋಗಲ್ಲ? ಕನ್ನಡಕ ಬರೋಕ್ ಮುಂಚೆ ಹಸಿರು ಕಾಯೆಲ್ಲ ಕಿತ್ತು ಮೇಸ್ತ್ರಿ ಹತ್ರ ಬೈಸ್ಕಂತಿದ್ದೆ. ಈಗ ನಿನ್ನ ಚೀಲದಲ್ಲಿ ಹುಡುಕಿದ್ರೂ ಕಾಯಿ ಸಿಗಲ್ಲ. ನಗೋರು ನಗ್ಲಿ. ತಲೆ ಎತ್ಕಂಡು ಹೋಗಿ ಬಾ."

ತಾಲೀಮಿನುದ್ದಕ್ಕೂ ರೇಖಾ ಮಾತು ಒಪ್ಪಿಸಿದಳು, ವಿಜಯನ ಮುಖ ನೋಡಲಿಲ್ಲ. ಅವನು ಏನೋ ಹೇಳಲು ಬಂದಾಗಲೆಲ್ಲ ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಡುತ್ತಿದ್ದಳು.

ಕಾಲೇಜ್ ಡೇ ಬಂತು. ಕೊನೆಯ ಸೀನು. ಹಿಂದಿನ ಸಾಲಿನಲ್ಲಿ ಅವ್ವ ಚಿಕ್ಕಕ್ಕ ಕೂತಿದ್ದಾಳೆ. ಮುಂದೆ ಹುಡುಗರ ಸಿಳ್ಳೆ.

"ತೆಗಿ! ತೆಗಿ!"

ರೇಖಾ ಕನ್ನಡಕಕ್ಕೆ ಕೈ ಹಾಕಿದಳು. ಹಾಕಿ... ಮೂಗಿನ ಮೇಲೆ ಇನ್ನಷ್ಟು ಏರಿಸಿಕೊಂಡಳು!

"ತೆಗೆದ್ರೆ ನಾನು ಚಂದ ಕಾಣ್ತೀನಂತೆ. ಆದ್ರೆ ನಂಗೆ ನೀನೇ ಕಾಣಲ್ಲ ಮಾರಾಯ! ಹಣ್ಣೋ ಕಾಯೋ ನೋಡ್ದೆ ಕೀಳೋಳಲ್ಲ ನಾನು."

ವಿಜಯನಿಗೆ ತಾನೇ ಬರೆದ ಮಾತೆಲ್ಲ ಮರೆತುಹೋಗಿತ್ತು.

"ಹಂ... ಹಂಗಾದ್ರೆ ಹಾಕ್ಕಂಡೇ ನೋಡು. ನಾನು ಹಣ್ಣೋ, ಕಾಯೋ?"

"ಹಸಿರು ಕಾಯಿ!"

ಚಪ್ಪಾಳೆಗೆ ಚಪ್ಪರವೇ ಅದುರಿತು. ಎಲ್ಲರಿಗಿಂತ ಮೊದಲು ಎದ್ದು ನಿಂತವಳು ಚಿಕ್ಕಕ್ಕ.

ನಾಟಕ ಮುಗಿದ ಮೇಲೆ ಜೀಪಿನ ಬಳಿ ವಿಜಯ ತಲೆ ತಗ್ಗಿಸಿ ನಿಂತಿದ್ದ.

"ತಪ್ಪಾಯ್ತು ರೇಖಾ. ಯಾರೂ ನೋಡಲ್ಲ ಅಂತ ಬರ್ದೆ... ನಾನೇ ದಿನಾ ನೋಡ್ತಿದ್ದೆ. ನಿನ್ನ ಹತ್ರ ಮಾತಾಡೋಕೆ ಒಂದು ನೆಪ ಬೇಕಿತ್ತು, ಅದಕ್ಕೇ ನಾಟಕ ಬರ್ದೆ. ಮೇಕಪ್ ಬೇಡ ಅಂದಿದ್ದೂ... ಹಿಂಗೇ ಚಂದ ಅಂತ."

"ಅದನ್ನ ತೋಟದಲ್ಲೇ ಹೇಳ್ಬಾರ್ದಿತ್ತಾ?"

"ನಿಮ್ಮವ್ವ ಪಕ್ಕದಲ್ಲೇ ಇದ್ರಲ್ಲ ಮಾರಾಯ್ತಿ!"

ರೇಖಾಳಿಗೆ ನಗು ತಡೆಯಲಾಗಲಿಲ್ಲ. "ಸರಿ. ಒಂದು 'ತಪ್ಪಾಯ್ತು' ಬಾಕಿ ಇತ್ತು, ಅದು ತೀರ್ತು."

"ಇನ್ನೊಂದು ಮಾತು ಬಾಕಿ ಇದೆ..."

ಅವಳು ಕನ್ನಡಕ ತೆಗೆದು ದುಪಟ್ಟಾದಿಂದ ಧೂಳು ಒರೆಸತೊಡಗಿದಳು.

"ಹೇಳು ಮತ್ತೆ?"

"ಮೊದಲು ಹಾಕ್ಕ. ನಾನು ಕಾಣ್ದೆ ಇರೋವಾಗ ಹೇಳಲ್ಲ."

ಹಾಕಿಕೊಂಡಳು. ಅವನ ಕಣ್ಣು, ಬೆವೆತ ಹಣೆ ಎಲ್ಲವೂ ನಿಚ್ಚಳವಾಗಿ ಕಂಡವು.

"ನಿನ್ನ ಕಂಡ್ರೆ ನಂಗೆ ತುಂಬಾ ಇಷ್ಟ ರೇಖಾ. ಈಗ ಹೇಳು... ಹಣ್ಣೋ, ಕಾಯೋ?"

ಅವಳು ಅವನ ಮುಖವನ್ನೇ ನೋಡಿದಳು.

"ಕೆಂಪಾಗ್ತಾ ಇದೆ ಮಾರಾಯ... ಇನ್ನೊಂದು ಸ್ವಲ್ಪ ದಿನ ಗಿಡದಲ್ಲೇ ಇರ್ಲಿ. ಬೇರೆಯವರಿಗೆ ಕೀಳೋಕೆ ಬಿಡಲ್ಲ, ಆಯ್ತಾ?"