ಅಜ್ಜಿಯ ಆರನೆಯ ಸೊಪ್ಪು

ನಮ್ಮ ಕಿರಿಬಾಸ್ ದ್ವೀಪದ ಮರಳಿನಲ್ಲಿ ಹೊರೆಗಾತ್ರದ ಗೆಡ್ಡೆ ಬಿಡುವ ದೈತ್ಯ ಕೆಸು ಬೆಳೆಯಬೇಕಾದರೆ ಗುಂಡಿಯಲ್ಲಿ ಗಿಡದ ಸುತ್ತ ತಳವಿಲ್ಲದ ಬುಟ್ಟಿ ಹೆಣೆದು, ಸೊಪ್ಪು ತುಂಬಿ, ಮಣ್ಣನ್ನೇ ಮಾಡಿಕೊಳ್ಳಬೇಕು. ಯಾವ ಸೊಪ್ಪೆಂಬುದು ಮನೆಮನೆಯ ಗುಟ್ಟು. ಅಜ್ಜಿ ನಮ್ಮ ಗುಟ್ಟನ್ನು ಹೇಳದೆ ತೀರಿಕೊಂಡಳು. ನಾನು ಕೈಗೆ ಸಿಕ್ಕಿದ್ದನ್ನು ತುಂಬಿದೆ, ಗಿಡ ಹಳದಿಯಾಯಿತು.

"ಹಬ್ಬಕ್ಕೆ ಗೆಡ್ಡೆ ಹೊರೋಕೆ ಜನ ಬೇಕಾ, ಇಲ್ಲ ಜೇಬಲ್ಲೇ ತರ್ತೀಯಾ?" ಎಂದು ಮಾವ ಟಿಯೋನ್ ಕಿಚಾಯಿಸಿದ.

ಮರುದಿನ ಮಧ್ಯಾಹ್ನ ಬುಟ್ಟಿಯಲ್ಲಿ ಕೊಚ್ಚಿದ ಹೊಸ ಸೊಪ್ಪಿತ್ತು, ಮುಟ್ಟಿದರೆ ಬೆಚ್ಚಗೆ.

"ನೀನೇನಾ ಮಾವಾ?"

"ನನ್ನ ಗುಂಡಿಗೇ ಪುರುಸೊತ್ತಿಲ್ಲ ಮಾರಾಯ್ತಿ."

ವರ್ಷವಿಡೀ ಹಾಗೇ ಆಯಿತು. ಹಬ್ಬದ ದಿನ ನನ್ನ ಗೆಡ್ಡೆಯನ್ನು ಇಬ್ಬರು ಹೊತ್ತರು, ಅವರಲ್ಲಿ ಮಾವನೂ ಒಬ್ಬ.

ಗುಟ್ಟಿನ ಆಸೆಗೆ ಬುಟ್ಟಿಯಲ್ಲಿ ಉಳಿದ ಸೊಪ್ಪನ್ನು ಬೇರ್ಪಡಿಸಿ ನೋಡಿದೆ. ಐದು ಬಗೆ ಗೊತ್ತಾದವು. ಆರನೆಯದು ಮಾತ್ರ ಇಡೀ ಎಲೆ. ದ್ವೀಪದ ಮುದುಕರಿಗೆಲ್ಲ ತೋರಿಸಿದೆ. ಅಂಥ ಮರ ಇಲ್ಲೆಲ್ಲೂ ಇಲ್ಲವೆಂದರು. ಆದರೂ ಈಗಷ್ಟೇ ಕಿತ್ತಂತೆ ತೊಟ್ಟಿನಲ್ಲಿ ಇನ್ನೂ ಹಾಲು ಒಸರುತ್ತಿತ್ತು.